ಥಾಯ್ ಶೈಲಿಯ ಮೀನಿನ ವಡೆ: ಎಣ್ಣೆ ಕಡಿಮೆ, ಮೀನಿನ ಬಿಗುವು ಪೂರ್ತಿ

ಥಾಯ್ಲೆಂಡಿನ ಬೀದಿಬದಿಯ ಅಂಗಡಿಗಳಲ್ಲಿ ಕರಿದು ಮಾರುವ ‘ತೋಡ್ ಮನ್ ಪ್ಲಾ’ ಎಂಬ ಮೀನಿನ ವಡೆಯಲ್ಲಿ ಆಲೂಗಡ್ಡೆ, ಬ್ರೆಡ್ ಪುಡಿ, ಮೈದಾ ಯಾವುದೂ ಇರುವುದಿಲ್ಲ. ನುಣ್ಣಗೆ ಅರೆದ ಮೀನು, ಕೆಂಪು ಕರಿ ಮಸಾಲೆ, ಸಣ್ಣಗೆ ಹೆಚ್ಚಿದ ಅಲಸಂದೆ ಕಾಯಿ, ಎಳೆಎಳೆಯಾಗಿ ಕತ್ತರಿಸಿದ ಮಕ್ರೂಟ್ ನಿಂಬೆ ಎಲೆ, ಸ್ವಲ್ಪ ಮೀನಿನ ಸಾಸ್, ಚಿಟಿಕೆ ಬೆಲ್ಲ ಮತ್ತು ಒಂದು ಮೊಟ್ಟೆ ಸೇರಿದರೆ ಹಿಟ್ಟು ಸಿದ್ಧವಾಗುತ್ತದೆ. ನಮ್ಮಲ್ಲಿ ಬೇಕರಿಗಳು ಮಾರುವ ಮೀನಿನ ಕಟ್ಲೆಟ್‌ನಲ್ಲಿ ಆಲೂಗಡ್ಡೆಯ ನಡುವೆ ಮೀನನ್ನು ಹುಡುಕಬೇಕಾಗುತ್ತದೆ. ಈ ವಡೆಯಲ್ಲಿ ಹೆಚ್ಚಿನ ಭಾಗ ಮೀನೇ ಇರುತ್ತದೆ. ಹಾಗಾಗಿ ಇದನ್ನು ಆರೋಗ್ಯಕರವಾಗಿ ಮಾಡುವುದೆಂದರೆ ಮೂಲ ಪಾಕವನ್ನು ಬದಲಿಸಿ ಓಟ್ಸ್ ಅಥವಾ ಗೋಧಿ ರವೆಯನ್ನು ತುಂಬುವುದು ಎಂದು ತಿಳಿಯಬೇಕಾಗಿಲ್ಲ. ಬದಲಿಸಬೇಕಾದದ್ದು ಮೂರನ್ನು ಮಾತ್ರ: ಕರಿಯುವ ಎಣ್ಣೆ, ಮಸಾಲೆ ಮತ್ತು ಸಾಸ್‌ಗಳ ಮೂಲಕ ಗೊತ್ತಿಲ್ಲದೆ ಸೇರುವ ಉಪ್ಪು, ಜೊತೆಗೆ ಕೊಡುವ ಅದ್ದುಗೆಯಲ್ಲಿರುವ ಸಕ್ಕರೆ.

ಈ ವಡೆಯ ನಿಜವಾದ ಗುರುತು ಅದರ ಬಿಗುವು. ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು, ಕಚ್ಚಿದರೆ ಪುಡಿಯಾಗಬಾರದು. ಈ ಗುಣ ಬರುವುದು ಎಣ್ಣೆಯಿಂದಲ್ಲ, ಹಿಟ್ಟನ್ನು ಕಲಸುವ ಕ್ರಮದಿಂದ. ಕ್ರಮ ಸರಿಯಾಗಿದ್ದರೆ ಎರಡು ಚಮಚ ಎಣ್ಣೆಯಲ್ಲಿ ಕಾವಲಿಯ ಮೇಲೆ ಬೇಯಿಸಿದರೂ ವಡೆ ಒಡೆಯುವುದಿಲ್ಲ; ಕ್ರಮ ತಪ್ಪಿದರೆ ಬಾಣಲೆ ತುಂಬ ಎಣ್ಣೆಯಿದ್ದರೂ ಅದು ಬಿರುಸಾದ ಪುಡಿಯ ಉಂಡೆಯಾಗುತ್ತದೆ.

ಹಿಟ್ಟು ಬಿಗಿಯಾಗುವುದು ಹೇಗೆ

ಮೀನಿನ ಮಾಂಸಖಂಡದಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಹೇರಳವಾಗಿದೆ. ಅದು ಬರೀ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ, ಆದರೆ ಉಪ್ಪು ಸೇರಿಸಿ ಅರೆದಾಗ ಮಾಂಸದ ಎಳೆಗಳಿಂದ ಹೊರಬಂದು ಅಂಟಿನ ರೂಪ ತಾಳುತ್ತದೆ. ನಾದುತ್ತಾ ಹೋದಂತೆ ಈ ಅಂಟು ಹಿಟ್ಟಿನುದ್ದಕ್ಕೂ ಹರಡಿಕೊಳ್ಳುತ್ತದೆ, ಬಿಸಿ ತಾಗಿದಾಗ ಜಾಲವಾಗಿ ಗಟ್ಟಿಗೊಂಡು ನೀರನ್ನೂ ಮಸಾಲೆಯನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಜಪಾನಿನ ಸುರಿಮಿ ಎಂಬ ಅರೆದ ಮೀನಿನ ಮುದ್ದೆಯಿಂದ ಹಿಡಿದು ಬಂಗಾಳದ ಚಿತಲ್ ಮೀನಿನ ಮುಯಿಠ್ಯಾವರೆಗೆ ಮೀನನ್ನು ಅರೆದು ಮಾಡುವ ಅನೇಕ ಅಡುಗೆಗಳು ಇದೇ ಗುಣವನ್ನು ನೆಚ್ಚಿಕೊಂಡಿವೆ.

ಇದರಿಂದ ಮೂರು ನಿಯಮಗಳು ಹೊರಡುತ್ತವೆ. ಉಪ್ಪನ್ನು ಮೊದಲು ಮೀನಿಗೇ ಸೇರಿಸಬೇಕು, ಉಳಿದ ಸಾಮಗ್ರಿಗಳೆಲ್ಲ ಆಮೇಲೆ. ಮೀನು ಆರಂಭದಿಂದ ಕೊನೆಯವರೆಗೆ ತಣ್ಣಗಿರಬೇಕು, ಸಾಧ್ಯವಾದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಮಿಕ್ಸಿಯ ಬ್ಲೇಡಿನ ಬಿಸಿಯಿಂದಲೂ ಪ್ರೋಟೀನ್ ಅವಧಿಗೆ ಮೊದಲೇ ಕೆಡಬಲ್ಲದು. ಮೂರನೆಯದಾಗಿ, ಹಿಟ್ಟಿಗೆ ನಿಂಬೆರಸವನ್ನಾಗಲಿ ಹುಣಸೆಯನ್ನಾಗಲಿ ಸೇರಿಸಬಾರದು. ಹುಳಿ ತಾಗಿದ ಕೂಡಲೇ ಮೀನಿನ ಪ್ರೋಟೀನ್ ಬೇಯುವ ಮೊದಲೇ ಬಿಗಿದುಕೊಂಡು ಅಂಟುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೀನಿನ ಹಸಿವಾಸನೆ ಹೋಗಲೆಂದು ನಿಂಬೆರಸ ಹಚ್ಚಿಡುವುದು ನಮ್ಮ ಅಡುಗೆಮನೆಗಳ ಒಳ್ಳೆಯ ಅಭ್ಯಾಸವೇ ಆದರೂ ಈ ಒಂದು ಪಾಕದಲ್ಲಿ ಅದನ್ನು ಬಿಡಬೇಕು. ಹುಳಿಗೆ ಜಾಗವಿರುವುದು ಅದ್ದುಗೆಯಲ್ಲಿ.

ಯಾವ ಮೀನು

ಥಾಯ್ಲೆಂಡಿನಲ್ಲಿ ಇದಕ್ಕೆ ಹೆಸರುವಾಸಿಯಾದದ್ದು ‘ಪ್ಲಾ ಕ್ರಾಯ್’ ಎಂಬ ಸಿಹಿನೀರಿನ ಮೀನು, ಬಂಗಾಳದ ಚಿತಲ್‌ನ ಹತ್ತಿರದ ಬಂಧು. ಅದರ ಮೈತುಂಬ ಸಣ್ಣ ಮುಳ್ಳುಗಳಿರುವುದರಿಂದ ಮಾಂಸವನ್ನು ಚಮಚದಿಂದ ಕೆರೆದು ತೆಗೆಯುತ್ತಾರೆ. ಅಲ್ಲಿಯ ಮಾರುಕಟ್ಟೆಗಳಲ್ಲಿ ಹೀಗೆ ಕೆರೆದ ಮಾಂಸವೇ ಸಿದ್ಧವಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಮಾಡುವವರು ಅದನ್ನು ಹುಡುಕಿ ಅಲೆಯುವ ಅಗತ್ಯವಿಲ್ಲ. ಬಿಳಿ ಮಾಂಸದ, ಕೊಬ್ಬು ಕಡಿಮೆಯಿರುವ, ತಾಜಾ ಮೀನು ಯಾವುದಾದರೂ ಆಗುತ್ತದೆ. ನನ್ನ ಮೊದಲ ಆಯ್ಕೆ ಪಿಂಕ್ ಪರ್ಚ್ ಎಂದು ಮಾರುವ ಗುಲಾಬಿ ಬಣ್ಣದ ಸಣ್ಣ ಮೀನು. ಪಶ್ಚಿಮ ಕರಾವಳಿಯ ಸುರಿಮಿ ಕಾರ್ಖಾನೆಗಳು ಹೆಚ್ಚಾಗಿ ಬಳಸುವುದು ಇದನ್ನೇ, ಏಕೆಂದರೆ ಇದರ ಮಾಂಸ ಅರೆದಾಗ ಬಹಳ ಚೆನ್ನಾಗಿ ಬಿಗಿದುಕೊಳ್ಳುತ್ತದೆ. ಬೆಲೆಯೂ ಅಂಜಲ್‌ಗಿಂತ ಬಹಳ ಕಡಿಮೆ. ಮುರು ಮೀನು ಮತ್ತು ಕೊಡ್ಡಾಯಿ ಕೂಡ ಚೆನ್ನಾಗಿರುತ್ತವೆ. ಅಂಜಲ್‌ನಿಂದ ರುಚಿಯಾದ ವಡೆ ಬರುತ್ತದೆ, ಆದರೆ ತವಾ ಫ್ರೈಗೆ ಅಷ್ಟು ಚೆನ್ನಾಗಿ ಒಗ್ಗುವ ಮೀನನ್ನು ಅರೆಯಲು ಮನಸ್ಸು ಬರುವುದು ಕಷ್ಟ.

ಬಂಗುಡೆ ಮತ್ತು ಬೂತಾಯಿ ಆರೋಗ್ಯಕ್ಕೆ ಅತ್ಯುತ್ತಮವಾದರೂ ಅವುಗಳ ಕೊಬ್ಬು ಮತ್ತು ಕಪ್ಪು ಮಾಂಸ ಹಿಟ್ಟನ್ನು ಸಡಿಲಗೊಳಿಸುತ್ತವೆ. ಅವುಗಳಲ್ಲಿರುವ ಒಮೆಗಾ-3 ಬೇಕೆನಿಸಿದರೆ ಬಿಳಿ ಮೀನಿಗೆ ಕಾಲು ಭಾಗದಷ್ಟು ಬಂಗುಡೆ ಬೆರೆಸಬಹುದು, ಅದಕ್ಕಿಂತ ಹೆಚ್ಚು ಬೇಡ. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುವ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಅಥವಾ ಒಳನಾಡಿನ ಊರುಗಳಲ್ಲಿ, ಕೆರೆಯ ಜಿಲೇಬಿ ಮೀನು ಅಥವಾ ಕಾಟ್ಲಾ ಸುಲಭವಾಗಿ ಸಿಗುತ್ತವೆ. ಕಾಟ್ಲಾದ ಮುಳ್ಳು ತೆಗೆಯಲು ಚಮಚದ ವಿಧಾನವೇ ಸರಿ: ತುಂಡನ್ನು ಚರ್ಮ ಕೆಳಗಾಗುವಂತೆ ಹಲಗೆಯ ಮೇಲಿಟ್ಟು, ಮುಳ್ಳು ವಾಲಿರುವ ದಿಕ್ಕಿಗೇ ಚಮಚವನ್ನು ಮೆಲ್ಲಗೆ ಎಳೆದರೆ ಮಾಂಸ ಚಮಚಕ್ಕೆ ಬರುತ್ತದೆ, ಮುಳ್ಳು ಬಹುಮಟ್ಟಿಗೆ ಚರ್ಮದಲ್ಲೇ ಉಳಿಯುತ್ತದೆ. ಕೆರೆದ ಮಾಂಸವನ್ನು ಬೆರಳಿನಿಂದ ಒಮ್ಮೆ ತಡವಿ ನೋಡುವುದನ್ನು ಮರೆಯಬಾರದು, ಮಕ್ಕಳಿಗೆ ಕೊಡುವುದಾದರೆ ಎರಡು ಬಾರಿ. ಶೀತಲೀಕರಿಸಿದ ಬಾಸಾ ಫಿಲೆ ಎಲ್ಲ ಕಡೆ ಸಿಗುತ್ತದೆಯಾದರೂ ಅದರಲ್ಲಿ ನೀರಿನಂಶ ಬಹಳ. ಅದೊಂದೇ ಸಿಕ್ಕಿದರೆ ಫ್ರಿಜ್‌ನ ಕೆಳಭಾಗದಲ್ಲಿ ರಾತ್ರಿಯಿಡೀ ಇಟ್ಟು ಕರಗಿಸಿ, ತೆಳುವಾದ ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ ಬಳಸಬೇಕು. ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾಡುವಾಗ ಬೇಟೆಯಾಡಿ ಬದುಕುವ ದೊಡ್ಡ ಮೀನುಗಳಿಗಿಂತ ಸಣ್ಣ ಮೀನುಗಳನ್ನು ಆರಿಸುವುದು ಲೇಸು, ದೊಡ್ಡ ಮೀನುಗಳ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿಕೊಂಡಿರುತ್ತದೆ.

ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ಚರ್ಮ ಮತ್ತು ಮುಳ್ಳು ತೆಗೆದ 500 ಗ್ರಾಂ ಮೀನಿಗೆ ಅನ್ವಯಿಸುತ್ತವೆ. ಅದರಿಂದ ಸುಮಾರು 25 ವಡೆಗಳಾಗುತ್ತವೆ, ನಾಲ್ಕು ಜನರಿಗೆ ಸಾಕು.

ಮಸಾಲೆ

ಥಾಯ್ ಕೆಂಪು ಮಸಾಲೆಗೆ ಬೇಕಾದದ್ದು ಬಣ್ಣ ಹೆಚ್ಚು, ಖಾರ ಮಿತವಾಗಿರುವ ಉದ್ದನೆಯ ಒಣಮೆಣಸು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎಂಟು ಬ್ಯಾಡಗಿ ಮೆಣಸಿನಕಾಯಿಗಳ ಬೀಜ ತೆಗೆದು, ಖಾರಕ್ಕೆಂದು ಎರಡು ಗುಂಟೂರು ಮೆಣಸಿನಕಾಯಿ ಸೇರಿಸಿ, ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನೀರನ್ನು ಪೂರ್ತಿ ಹಿಂಡಿ ತೆಗೆಯಿರಿ. ಮಲೆನಾಡಿನ ಹಿತ್ತಿಲುಗಳಲ್ಲಿ ಮಜ್ಜಿಗೆ ಹುಲ್ಲು ಎನ್ನುವ ನಿಂಬೆಹುಲ್ಲಿನ ಎರಡು ದಂಟುಗಳ ಬುಡದ ಬಿಳಿಭಾಗವನ್ನು ಮಾತ್ರ ತೆಳುವಾಗಿ ಹೆಚ್ಚಿಕೊಳ್ಳಿ. ಮೇಲಿನ ಹಸಿರು ಎಲೆ ಚಹಾಕ್ಕೆ ಆಗುತ್ತದೆ, ಅರೆಯಲು ಬರುವುದಿಲ್ಲ. ಇವುಗಳೊಂದಿಗೆ ಐದು ಸಾಂಬಾರ್ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಚೆನ್ನಾಗಿ ತೊಳೆದ ನಾಲ್ಕು ಕೊತ್ತಂಬರಿ ಬೇರು, ಅರ್ಧ ಚಮಚ ಬಿಳಿ ಕಾಳುಮೆಣಸು, ಹುರಿದ ಅರ್ಧ ಚಮಚ ಧನಿಯಾ ಮತ್ತು ಕಾಲು ಚಮಚ ಜೀರಿಗೆ ಬೇಕು. ಧನಿಯಾ ಮತ್ತು ಜೀರಿಗೆಯನ್ನು ನಾನು ಬೇಕೆಂದೇ ಕಡಿಮೆ ಹೇಳಿದ್ದೇನೆ, ಏಕೆಂದರೆ ಅವು ಸ್ವಲ್ಪ ಹೆಚ್ಚಾದರೂ ವಡೆ ನಮ್ಮ ಮೀನು ಸಾರಿನ ಪರಿಮಳಕ್ಕೆ ತಿರುಗಿ, ನಿಂಬೆಹುಲ್ಲು ಮತ್ತು ನಿಂಬೆ ಎಲೆಯ ಸುವಾಸನೆ ಹಿಂದೆ ಸರಿಯುತ್ತದೆ.

ಥಾಯ್ ಅಡುಗೆಯವರು ‘ಖಾ’ ಎನ್ನುವ, ನಮ್ಮಲ್ಲಿ ದುಂಪರಾಸ್ಮೆ ಎಂದು ಔಷಧಕ್ಕೆ ಬಳಕೆಯಾಗುವ ಗೆಡ್ಡೆಯೂ ಈ ಮಸಾಲೆಗೆ ಬೇಕು. ಹಸಿಯಾಗಿ ಸಿಕ್ಕಿದರೆ ಒಂದು ಅಂಗುಲದ ತುಂಡು ಸಾಕು. ಸಿಗದಿದ್ದರೆ ಅರ್ಧ ಅಂಗುಲ ಶುಂಠಿ ಹಾಕಬಹುದು, ಆದರೆ ಅದೇ ಪರಿಮಳವನ್ನು ನಿರೀಕ್ಷಿಸಬಾರದು. ‘ಕಪಿ’ ಎಂಬ ಹುದುಗಿಸಿದ ಸೀಗಡಿ ಪೇಸ್ಟ್ ಅರ್ಧ ಚಮಚ ಬೇಕು. ಅದರ ಬದಲಿಗೆ ಒಂದು ದೊಡ್ಡ ಚಮಚ ಒಣ ಸೀಗಡಿಯನ್ನು ತೊಳೆದು, ಹುರಿದು, ಪುಡಿಮಾಡಿ ಸೇರಿಸಿದರೆ ಕರಾವಳಿಯವರಿಗೆ ಪರಿಚಿತವಾದ ಪರಿಮಳ ಬರುತ್ತದೆ. ಅದು ಈ ವಡೆಗೆ ಹೊರಗಿನದೆನಿಸುವುದಿಲ್ಲ.

ಇವೆಲ್ಲವನ್ನೂ ಒರಳಿನಲ್ಲಿ ಕುಟ್ಟಬಹುದು ಅಥವಾ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಅರೆಯಬಹುದು. ಗಮನಿಸಬೇಕಾದದ್ದು ಒಂದೇ, ನೀರು ಹಾಕಬಾರದು. ಬ್ಲೇಡು ತಿರುಗದಿದ್ದರೆ ಮುಂದೆ ಹಿಟ್ಟಿಗೆ ಸೇರಲಿರುವ ಮೊಟ್ಟೆಯನ್ನೇ ಒಡೆದು ಇಲ್ಲಿ ಹಾಕಿ ಅರೆಯಬಹುದು. ಮಸಾಲೆಗೆ ಉಪ್ಪನ್ನೂ ಸೇರಿಸಬಾರದು. ಅಂಗಡಿಯ ಸಿದ್ಧ ಕೆಂಪು ಮಸಾಲೆಯಲ್ಲಿ ಕೆಡದಿರಲೆಂದು ಧಾರಾಳವಾಗಿ ಉಪ್ಪು ಹಾಕಿರುತ್ತಾರೆ, ಮನೆಯಲ್ಲಿ ಅರೆಯುವುದರ ದೊಡ್ಡ ಲಾಭ ಆ ಉಪ್ಪು ತಪ್ಪುವುದು. ಸಮಯವಿಲ್ಲದೆ ಸಿದ್ಧ ಮಸಾಲೆಯನ್ನೇ ಬಳಸುವುದಾದರೆ ಎರಡು ದೊಡ್ಡ ಚಮಚ ಸಾಕು; ಆಗ ಮುಂದೆ ಹೇಳುವ ಪುಡಿ ಉಪ್ಪನ್ನು ಬಿಟ್ಟು, ಮೀನಿನ ಸಾಸ್ ಅನ್ನು ಎರಡು ಚಿಕ್ಕ ಚಮಚಕ್ಕೆ ಇಳಿಸಬೇಕು.

ಉಪ್ಪಿನ ಲೆಕ್ಕ

ಆರೋಗ್ಯದ ದೃಷ್ಟಿಯಿಂದ ಈ ತಿಂಡಿಯಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆಯುವ ‘ನಾಮ್ ಪ್ಲಾ’ ಅಂದರೆ ಮೀನಿನ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇದೆ, ಅದು ಮೂರೂವರೆ ಗ್ರಾಂ ಉಪ್ಪಿಗೆ ಸಮ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಂದು ಉಪ್ಪನ್ನು ಪೂರ್ತಿ ಬಿಡುವಂತೆಯೂ ಇಲ್ಲ, ಮಯೋಸಿನ್ ಹೊರಬರುವುದೇ ಅದರಿಂದ. ನಾನು ಸೂಚಿಸುವುದು 500 ಗ್ರಾಂ ಮೀನಿಗೆ ಒಂದು ದೊಡ್ಡ ಚಮಚ ಮೀನಿನ ಸಾಸ್ ಮತ್ತು ಕಾಲು ಚಿಕ್ಕ ಚಮಚ ಪುಡಿ ಉಪ್ಪು. ಸೀಗಡಿ ಪೇಸ್ಟಿನದೂ ಸೇರಿ ಒಟ್ಟು 5ರಿಂದ 6 ಗ್ರಾಂ ಉಪ್ಪಾಗುತ್ತದೆ, ಒಬ್ಬರ ಪಾಲಿಗೆ ಒಂದೂವರೆ ಗ್ರಾಂ ಮೀರುವುದಿಲ್ಲ. ಸುರಿಮಿ ತಯಾರಕರು ಬಳಸುವುದಕ್ಕಿಂತ ಇದು ಕಡಿಮೆ, ಆದ್ದರಿಂದ ಆ ಕೊರತೆಯನ್ನು ತಂಪಿನಿಂದ ಮತ್ತು ನಾದುವ ಶ್ರಮದಿಂದ ತುಂಬಿಕೊಳ್ಳಬೇಕು. ರಕ್ತದೊತ್ತಡ ಇರುವವರು ಸಾಸ್ ಅನ್ನು ಅರ್ಧಕ್ಕಿಳಿಸಿ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಸೇರಿಸಿಕೊಳ್ಳಬಹುದು. ಬಿಗುವು ತುಸು ಕಡಿಮೆಯಾದರೂ ವಡೆ ಒಡೆಯುವುದಿಲ್ಲ.

ಹಿಟ್ಟು ತಯಾರಿಸುವುದು

ಮೀನಿನ ಮೇಲ್ಮೈ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಸಣ್ಣ ತುಂಡುಗಳಾಗಿ ಕತ್ತರಿಸಿ, ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿ ಇಪ್ಪತ್ತು ನಿಮಿಷ ಇಡಿ. ತುಂಡುಗಳ ಅಂಚು ಮಾತ್ರ ಗಡುಸಾಗಬೇಕು, ಪೂರ್ತಿ ಹೆಪ್ಪುಗಟ್ಟಬಾರದು. ಮಿಕ್ಸಿಯ ಜಾರನ್ನೂ ಅದರ ಜೊತೆಗೇ ಇಟ್ಟರೆ ಒಳ್ಳೆಯದು. ಆಮೇಲೆ ಮೀನಿಗೆ ಪುಡಿ ಉಪ್ಪು ಮತ್ತು ಮೀನಿನ ಸಾಸ್ ಮಾತ್ರ ಸೇರಿಸಿ, ಒಂದೊಂದು ಬಾರಿಗೆ ಹತ್ತು ಸೆಕೆಂಡಿನಂತೆ ಬಿಟ್ಟುಬಿಟ್ಟು ಅರೆಯಿರಿ, ನಡುವೆ ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳುತ್ತಿರಿ. ಜಾರು ಕೈಗೆ ಬೆಚ್ಚಗೆನಿಸಿದ ಕ್ಷಣವೇ ನಿಲ್ಲಿಸಿ ಮತ್ತೆ ತಣ್ಣಗಾಗಲು ಬಿಡಬೇಕು. ಮಾಂಸದ ತುಣುಕುಗಳು ಕಾಣದಂತಾಗಿ, ಮುದ್ದೆ ಹೊಳಪು ಪಡೆದಾಗ ಅರೆಯುವ ಕೆಲಸ ಮುಗಿಯಿತು.

ಈ ಮುದ್ದೆಯನ್ನು ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಐಸ್ ತುಂಡುಗಳಿರುವ ಇನ್ನೊಂದು ಪಾತ್ರೆಯ ಮೇಲಿಡಿ. ಮೂರು ದೊಡ್ಡ ಚಮಚ ಮಸಾಲೆ, ಒಂದು ಮೊಟ್ಟೆ (ಮಸಾಲೆಗೆ ಮೊದಲೇ ಹಾಕದಿದ್ದರೆ) ಮತ್ತು ಒಂದು ಚಿಕ್ಕ ಚಮಚ ತಾಳೆಬೆಲ್ಲದ ಪುಡಿ ಸೇರಿಸಿ ಕೈಯಿಂದ ಒಂದೇ ದಿಕ್ಕಿನಲ್ಲಿ ಕಲಸಿ. ಆಮೇಲೆ ಬರುವುದೇ ಈ ವಡೆಯ ಮುಖ್ಯ ಕೆಲಸ. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಹಿಟ್ಟನ್ನೆಲ್ಲ ಒಟ್ಟಾಗಿ ಎತ್ತಿ ಪಾತ್ರೆಯ ತಳಕ್ಕೆ ಬಲವಾಗಿ ಬಡಿಯಿರಿ, ಮತ್ತೆ ಎತ್ತಿ ಮತ್ತೆ ಬಡಿಯಿರಿ. ಐದರಿಂದ ಏಳು ನಿಮಿಷ ಹೀಗೆ ಮಾಡಿದಾಗ ಮೊದಲು ಸಡಿಲವಾಗಿದ್ದ ಮುದ್ದೆ ಕ್ರಮೇಣ ಒಟ್ಟುಗೂಡಿ, ಎಳೆದರೆ ಹಿಗ್ಗುವಂತಾಗಿ, ಬೆರಳುಗಳನ್ನು ಬಿಡದೆ ಅಂಟಿಕೊಳ್ಳತೊಡಗುತ್ತದೆ. ತೋಳು ನೋಯುತ್ತದೆಂದು ಎರಡೇ ನಿಮಿಷಕ್ಕೆ ನಿಲ್ಲಿಸುವವರೇ ಆಮೇಲೆ ಹಿಟ್ಟು ನಿಲ್ಲಲಿಲ್ಲವೆಂದು ಮೈದಾ ಸೇರಿಸಲು ಹೋಗುವುದು; ಮೈದಾ ಸೇರಿದ ಮೇಲೆ ಆ ವಡೆಗೆ ಈ ಬಿಗುವು ಮರಳಿ ಬರುವುದಿಲ್ಲ.

ತರಕಾರಿಯನ್ನು ಬಡಿಯುವ ಮೊದಲೇ ಹಾಕಿದರೆ ಅದು ಹಿಟ್ಟಿನ ಜಾಲವನ್ನು ಕತ್ತರಿಸುತ್ತದೆ, ಹಾಗಾಗಿ ಅದು ಕೊನೆಗೆ. ಎಳೆಯ ಅಲಸಂದೆ ಕಾಯಿಯನ್ನು ಸಾಧ್ಯವಾದಷ್ಟು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ ಒಂದು ಬಟ್ಟಲು ಸೇರಿಸಿ. ಥಾಯ್ಲೆಂಡಿನವರು ಇದಕ್ಕೆ ಬಳಸುವ ಉದ್ದನೆಯ ಕಾಯಿ ನಮ್ಮ ಅಲಸಂದೆಯ ಜಾತಿಯದೇ ಆಗಿರುವುದರಿಂದ ಇಲ್ಲಿ ಬದಲಿ ಹುಡುಕುವ ಮಾತೇ ಇಲ್ಲ. ಹುರುಳಿಕಾಯಿ ಅಷ್ಟು ಗರಿಯಾಗಿರುವುದಿಲ್ಲ. ಮಕ್ರೂಟ್ ನಿಂಬೆಯ ಆರು ಎಲೆಗಳ ನಡುನರವನ್ನು ಕಿತ್ತು, ಎಲೆಗಳನ್ನು ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಬಹಳ ಸಣ್ಣ ಎಳೆಗಳಾಗಿ ಕತ್ತರಿಸಿ ಹಾಕಿ. ನಗರಗಳ ದೊಡ್ಡ ಅಂಗಡಿಗಳಲ್ಲಿ ಈ ಎಲೆ ಸಿಗುತ್ತದೆ. ಸಿಗದಿದ್ದರೆ ಮನೆಯ ನಿಂಬೆ ಗಿಡದ ಎಳೆ ಎಲೆಗಳನ್ನು ಬಳಸಿ, ಜೊತೆಗೆ ನಿಂಬೆ ಸಿಪ್ಪೆಯ ಹಸಿರು ಭಾಗವನ್ನು ಅರ್ಧ ಚಮಚ ತುರಿದು ಹಾಕಿ. ಸಿಪ್ಪೆಯಲ್ಲಿ ಪರಿಮಳವಿದೆ, ಹುಳಿಯಿಲ್ಲ, ಆದ್ದರಿಂದ ಹಿಟ್ಟು ಕೆಡುವುದಿಲ್ಲ. ಎಲ್ಲವನ್ನೂ ಹಗುರವಾಗಿ ಬೆರೆಸಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ರುಚಿ ನೋಡಲು ಹಸಿ ಹಿಟ್ಟನ್ನು ಬಾಯಿಗೆ ಹಾಕಬಾರದು. ಅಡಿಕೆ ಗಾತ್ರದ ಉಂಡೆಯನ್ನು ಕುದಿಯುವ ನೀರಿಗೆ ಬಿಟ್ಟು ಎರಡು ನಿಮಿಷ ಬೇಯಿಸಿ ತಿಂದರೆ ಉಪ್ಪು, ಖಾರ, ಬಿಗುವು ಎಲ್ಲವೂ ಒಂದೇ ಸಲಕ್ಕೆ ತಿಳಿಯುತ್ತವೆ. ಉಂಡೆ ನೀರಿನಲ್ಲಿ ಬಿಚ್ಚಿಕೊಂಡರೆ ಹಿಟ್ಟನ್ನು ಮತ್ತಷ್ಟು ಬಡಿಯಬೇಕು.

ಬೇಯಿಸುವುದು

ಕೈಗೆ ನೀರು ಸವರಿಕೊಂಡು ಹಿಟ್ಟನ್ನು ಐದಾರು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಇದಕ್ಕಿಂತ ದಪ್ಪವಾದರೆ ಒಳಗೆ ಬೇಯುವಷ್ಟರಲ್ಲಿ ಹೊರಭಾಗ ಒಣಗುತ್ತದೆ. ದಪ್ಪ ತಳದ ಕಬ್ಬಿಣದ ಕಾವಲಿ ಎಲ್ಲಕ್ಕಿಂತ ಉತ್ತಮ: ಅದನ್ನು ಚೆನ್ನಾಗಿ ಕಾಯಿಸಿ, ಉರಿಯನ್ನು ಮಧ್ಯಮಕ್ಕಿಳಿಸಿ, ಒಂದು ಚಿಕ್ಕ ಚಮಚ ಕಡಲೆಕಾಯಿ ಎಣ್ಣೆ ಸವರಿ, ನಾಲ್ಕೈದು ವಡೆಗಳನ್ನು ನಡುವೆ ಜಾಗ ಬಿಟ್ಟು ಇಡಿ. ಮೊದಲ ಎರಡು ನಿಮಿಷ ಅವುಗಳನ್ನು ಅಲುಗಿಸಬಾರದು. ತಳ ಕೆಂಪಗಾದಾಗ ತಾನಾಗಿಯೇ ಕಾವಲಿಯನ್ನು ಬಿಡುತ್ತದೆ. ಒಂದೊಂದು ಬದಿಗೆ ಮೂರು ನಿಮಿಷ ಸಾಕು. ಬೇಯುವಾಗ ವಡೆ ಸ್ವಲ್ಪ ಉಬ್ಬಿ, ಒಲೆಯಿಂದ ಇಳಿಸಿದ ಮೇಲೆ ಇಳಿಯುವುದು ಸಹಜ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಇಲ್ಲದಿದ್ದರೆ ಒಂದನ್ನು ಮುರಿದು ಒಳಗೆ ಪಾರದರ್ಶಕ ಭಾಗ ಉಳಿದಿಲ್ಲವೆಂದು ನೋಡಿಕೊಳ್ಳಿ. ಒಟ್ಟು ಎಣ್ಣೆ ಒಂದೂವರೆಯಿಂದ ಎರಡು ದೊಡ್ಡ ಚಮಚ ದಾಟುವುದಿಲ್ಲ.

ಪಡ್ಡಿನ ಕಾವಲಿ ಇರುವ ಮನೆಗಳಲ್ಲಿ ಅದನ್ನೂ ಬಳಸಬಹುದು. ಒಂದೊಂದು ಗುಳಿಗೆ ಕೆಲವೇ ಹನಿ ಎಣ್ಣೆ ಬಿಟ್ಟು ಸಣ್ಣ ಉಂಡೆಗಳನ್ನು ಇಟ್ಟು, ಮುಚ್ಚಿ, ತಿರುವಿ ಹಾಕಿದರೆ ಸುತ್ತಲೂ ಕೆಂಪಗಾಗುತ್ತವೆ, ಮಕ್ಕಳ ಊಟದ ಡಬ್ಬಿಗೆ ಇದೇ ಆಕಾರ ಅನುಕೂಲ. ಏರ್ ಫ್ರೈಯರ್‌ನಲ್ಲಿ ಎಣ್ಣೆ ಸವರಿ 190 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ, ನಡುವೆ ಒಮ್ಮೆ ತಿರುವಿದರೆ ಸಾಕು. ಓವನ್‌ನಲ್ಲೂ ಆಗುತ್ತದೆ, ಆದರೆ ಮೇಲ್ಮೈ ಒಣಗುವುದರಿಂದ ನನಗೆ ಅದು ಕೊನೆಯ ಆಯ್ಕೆ.

ಸೌತೆಕಾಯಿಯ ಅದ್ದುಗೆ

ಈ ವಡೆಯ ಜೊತೆಗೆ ‘ಅಜಾಡ್’ ಎಂಬ ಹುಳಿಸಿಹಿ ಸೌತೆಕಾಯಿಯ ಅದ್ದುಗೆ ಇರಲೇಬೇಕು. ಬಾಟಲಿಯಲ್ಲಿ ಸಿಗುವ ಸಿಹಿ ಚಿಲ್ಲಿ ಸಾಸ್‌ನಲ್ಲಿ ಸಕ್ಕರೆಯೇ ಪ್ರಧಾನ, ಅದನ್ನು ದೂರವಿಡಿ. ನಾಲ್ಕು ದೊಡ್ಡ ಚಮಚ ವಿನೆಗರ್, ಮೂರು ದೊಡ್ಡ ಚಮಚ ನೀರು, ಒಂದೂವರೆ ದೊಡ್ಡ ಚಮಚ ಸಕ್ಕರೆ ಮತ್ತು ಒಂದು ಚಿಟಿಕೆ ಉಪ್ಪನ್ನು ಸಕ್ಕರೆ ಕರಗುವವರೆಗೆ ಕಾಯಿಸಿ ಪೂರ್ತಿ ಆರಲು ಬಿಡಿ. ವಿನೆಗರ್‌ನಷ್ಟೇ ಸಕ್ಕರೆ ಹಾಕುವ ಪಾಕಗಳಿವೆ. ಇಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ, ಸೌತೆಕಾಯಿ ಎಳೆಯದಾಗಿದ್ದರೆ ಆ ಕೊರತೆ ಗೊತ್ತಾಗುವುದಿಲ್ಲ. ತಿನ್ನುವ ಹತ್ತು ನಿಮಿಷ ಮೊದಲು ತೆಳುವಾಗಿ ಹೆಚ್ಚಿದ ಒಂದು ಎಳೆ ಸೌತೆಕಾಯಿ, ಮೂರು ಸಾಂಬಾರ್ ಈರುಳ್ಳಿ, ಒಂದು ಕೆಂಪು ಹಸಿಮೆಣಸು ಸೇರಿಸಿ; ಮೇಲೆ ಹುರಿದು ತರಿಯಾಗಿ ಕುಟ್ಟಿದ ಎರಡು ಚಮಚ ಕಡಲೆಕಾಯಿ ಬೀಜ ಮತ್ತು ಕೊತ್ತಂಬರಿ ಸೊಪ್ಪು ಉದುರಿಸಿ. ಮೀನು, ಸೀಗಡಿ, ಮೊಟ್ಟೆ, ಕಡಲೆಕಾಯಿ ನಾಲ್ಕೂ ಕೆಲವರಿಗೆ ಅಲರ್ಜಿ ತರುವ ಪದಾರ್ಥಗಳಾದ್ದರಿಂದ ಅತಿಥಿಗಳಿಗೆ ಬಡಿಸುವ ಮೊದಲು ಕೇಳಿಕೊಳ್ಳುವುದು ಅಗತ್ಯ.

ಉಳಿದ ಹಿಟ್ಟು, ಉಳಿದ ವಡೆ

ಹಸಿ ಹಿಟ್ಟನ್ನು ಫ್ರಿಜ್‌ನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಹೆಚ್ಚು ದಿನ ಬೇಕಾದರೆ ತಟ್ಟಿದ ವಡೆಗಳನ್ನು ಇಡ್ಲಿ ಪಾತ್ರೆಯಲ್ಲಿ ಆರೇಳು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ, ನಡುವೆ ಬೆಣ್ಣೆ ಕಾಗದವಿಟ್ಟು ಫ್ರೀಜರ್‌ಗೆ ಹಾಕಿ; ಒಂದು ತಿಂಗಳು ಚೆನ್ನಾಗಿರುತ್ತವೆ. ಹಬೆಯಲ್ಲಿ ಮೊದಲೇ ಬೆಂದಿರುವುದರಿಂದ ಮೀನು ಮೊದಲು ಶೀತಲೀಕರಿಸಿದ್ದೇ ತಾಜಾದ್ದೇ ಎಂಬ ಚಿಂತೆಯೂ ಇಲ್ಲ. ತಿನ್ನುವ ದಿನ ಫ್ರಿಜ್‌ನಲ್ಲಿ ಕರಗಿಸಿ, ಬಿಸಿ ಕಾವಲಿಯ ಮೇಲೆ ಕೆಲವೇ ಹನಿ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗಾಗಿಸಿದರೆ ಆಯಿತು. ಕಾವಲಿಯಲ್ಲಿ ಬೇಯಿಸಿ ಉಳಿದ ವಡೆಗಳು ಫ್ರಿಜ್‌ನಲ್ಲಿ ಎರಡು ದಿನ ಇರುತ್ತವೆ. ಅವುಗಳನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ರಬ್ಬರಿನಂತಾಗುವುದರಿಂದ ಕಾವಲಿಯನ್ನೇ ಬಳಸಿ, ಇಲ್ಲವೇ ತಣ್ಣಗಿರುವಾಗಲೇ ತೆಳುವಾಗಿ ಸೀಳಿ ಸೌತೆಕಾಯಿ, ಈರುಳ್ಳಿ ಮತ್ತು ನಿಂಬೆರಸದೊಂದಿಗೆ ಬೆರೆಸಿ ಅನ್ನದ ಜೊತೆ ಬಡಿಸಿ.